ತೊಳೆಯಬಾರದ ಇಂಗ್ಲೆಂಡ್ ಕೋಟು

ದಾಂಡೇಲಿ ಬಸ್ ಸ್ಟ್ಯಾಂಡಿನ ಹತ್ತಿರ ರೇನ್‌ಕೋಟು, ಛತ್ರಿ, ತಾಡಪತ್ರಿ ಮಾರುತ್ತ, ಹರಿದದ್ದನ್ನು ಹೊಲಿದು ಕೊಡುತ್ತ ಕೂತವಳು ನಾನು. ಮಳೆ ಬಂದರೆ ಊಟಕ್ಕೆ ಪುರುಸೊತ್ತಿಲ್ಲ, ಬರದಿದ್ದರೆ ಊಟದ್ದೇ ಚಿಂತೆ. ತಲೆ ಕೆಡಿಸುವ ಪ್ರಸಂಗಗಳು ಮಾತ್ರ ಎರಡೂ ಕಾಲಕ್ಕೆ ತಪ್ಪಿದ್ದಲ್ಲ. ಮನೆಯಲ್ಲಿ ಹೇಳಿಕೊಂಡರೆ "ನಿನಗಷ್ಟ ಹೆಂಗ ಇಂಥವ್ರು ಗಂಟು ಬೀಳ್ತಾರ?" ಅನ್ನುತ್ತಾರೆ. ಗಂಟು ಬೀಳುವವರಲ್ಲಿ ಅರ್ಧ ಜನ ಮನೆಯವರೇ ಅನ್ನುವುದು ಅವರಿಗೆ ಹೊಳೆಯುವುದಿಲ್ಲ. ಹೋದ ಬೇಸಿಗೆಯ ಕೊನೆಗೆ ಅಂಗಡಿಗೆ ಒಂದು ಕೋಟು ಬಂತು. ಅದು ಬಂದು ತಿರುಗಿ ಹೋಗುವುದರೊಳಗೆ ನನಗೆ ಸಾಕುಬೇಕಾಗಿ ಹೋಯಿತು.

ವಾಸನೆಯ ವಂಶಾವಳಿ

ಗಣೇಶಗುಡಿಯಲ್ಲಿ ಹೋಮ್‌ಸ್ಟೇ ನಡೆಸುವ ಸಾಹುಕಾರರು ಒಬ್ಬ ವಯಸ್ಸಾದ ಇಂಗ್ಲಿಷಿನವರನ್ನು ಕರೆದುಕೊಂಡು ಬಂದರು. ಆ ಮನುಷ್ಯ ಎರಡೂ ಕೈಯಲ್ಲಿ ಕೂಸಿನ ಹಾಗೆ ಒಂದು ಉದ್ದ ಹಸಿರು ಕೋಟು ಹಿಡಿದಿದ್ದರು. ಕೌಂಟರಿನ ಮೇಲೆ ಇಟ್ಟರು ನೋಡಿ, ಆ ವಾಸನೆಗೆ ಪಕ್ಕದ ಚಹಾದಂಗಡಿಯವನು ಎದ್ದು ಬಂದು ಇಣುಕಿದ. ನಮ್ಮ ಅಂಗಡಿಯೊಳಗೆ ಎಮ್ಮೆ ಹೊಕ್ಕಿದೆ ಅಂದುಕೊಂಡಿದ್ದನಂತೆ.

ಇಂಗ್ಲಿಷಿನವರು ಮಾತಾಡಿದರು, ಸಾಹುಕಾರರು ಕನ್ನಡಕ್ಕೆ ಇಳಿಸಿದರು. "ಅಕ್ಕಾರ, ಇವ್ರ ಊರು ಸಮುದ್ರದ ದಂಡಿ ಮ್ಯಾಲ ಐತ್ರಿ. ಹಿಂದಕ ಅಲ್ಲಿ ಮೀನ ಹಿಡಿಯವ್ರು ಹಾಯಿ ಬಟ್ಟಿಗೆ ಮೀನೆಣ್ಣಿ ಹಚ್ಚತಿದ್ರಂತ, ಗಾಳಿ ಚಲೋ ಹಿಡೀಲಿ ಅಂತ. ಹಾಯಿ ಹರೀತು ಅಂದ್ರ ಬಿಸಾಡತಿದ್ದಿಲ್ಲ, ಹೆಗಲ ಮ್ಯಾಲ ಹೊತ್ಕೊತಿದ್ರು. ನೋಡ್ತಾರ, ಮಳಿ ಒಳಗ ಬರವಲ್ದು! ಯಾರೋ ಒಬ್ಬ ಶ್ಯಾಣ್ಯಾ ವ್ಯಾಪಾರಿ ಅದನ್ನ ಕೋಟು ಹೊಲದು ಮಾರಾಕ ಹತ್ತಿದ. ಮೀನೆಣ್ಣಿ ಹೋಗಿ ಅಗಸಿ ಎಣ್ಣಿ ಬಂತು, ಅಗಸಿ ಎಣ್ಣಿ ಹೋಗಿ ಮೇಣ ಬಂತು. ಹಂಗ ಕಂಪನಿ ಆತು. ಅಜ್ಜ ಮುತ್ತ್ಯಾರ ಕಾಲದ ಕಂಪನಿರಿ."

ಆ ಕಂಪನಿಯ ಕಾರ್ಖಾನೆಯಲ್ಲೇ ಇವರ ಅಪ್ಪ ಜೀವಮಾನವೆಲ್ಲ ಕೋಟು ಹೊಲಿದವರು. ಇದು ಅವರು ತಮಗೆಂದೇ ಹೊಲಿದುಕೊಂಡ ಕೋಟು. ಆಗೆಲ್ಲ ಪೆಟ್ಟಿಗೆಗಟ್ಟಲೆ ಕೋಟು ನಮ್ಮ ದೇಶದ ಅಡವಿ ಸಾಹೇಬರಿಗೆ ಹಡಗಿನಲ್ಲಿ ಬರುತ್ತಿದ್ದವಂತೆ. ಅಪ್ಪ ಪೆಟ್ಟಿಗೆಗೆ ಮೊಳೆ ಹೊಡೆಯುವಾಗ ಹೇಳುತ್ತಿದ್ದರಂತೆ: ನಮ್ಮೂರ ಮಳೆ ಬರೀ ತಾಲೀಮು, ನಿಜವಾದ ಪರೀಕ್ಷೆ ಆ ಅಡವಿಯಲ್ಲಿ. ಆ ಪರೀಕ್ಷೆ ನೋಡದೆ ತೀರಿಕೊಂಡರು. ಈಗ ಮಗನಿಗೆ ಒಂದೇ ಆಸೆ, ಅಪ್ಪನ ಕೋಟು ಹಾಕಿಕೊಂಡು ಕಾಳಿ ಹೊಳೆಯ ದಂಡೆಯ ಮೇಲೆ ಮಳೆಯಲ್ಲಿ ನಡೆಯಬೇಕು. ಆದರೆ ಹೆಗಲಿನ ಹೊಲಿಗೆ ಬಿಚ್ಚಿತ್ತು, ಮೇಣ ಒಣಗಿ ಹೋಗಿತ್ತು. ಗೋವಾ, ಕೇರಳ ಸುತ್ತಿ ಮಳೆ ಹಿಡಿಯುವ ಹೊತ್ತಿಗೆ ತಿರುಗಿ ಬರುತ್ತೇನೆ, ಅಷ್ಟರೊಳಗೆ ಸರಿ ಮಾಡಿಡಿ ಅಂದರು. ಮೇಣದ ಒಂದು ಡಬ್ಬಿ ಕೊಟ್ಟರು. ಜೊತೆಗೆ ಷರತ್ತು: ತೊಳೆಯಬಾರದು, ಸಾಬೂನು ಮುಟ್ಟಿಸಬಾರದು, ಬಿಸಿನೀರು ಬೇಡ, ಇಸ್ತ್ರಿ ಬೇಡ, ಹಳೆ ತೇಪೆ ಕೀಳಬಾರದು.

ಅವರ ಮಾತು ಕೇಳಿ ನನಗೂ ಹುರುಪು ಬಂತು. ಸಾಲಿನ ಅಂಗಡಿಯವರೆಲ್ಲ ನೆರೆದಿದ್ದರು ಬೇರೆ. ಆವೇಶದಲ್ಲಿ ಅಂದುಬಿಟ್ಟೆ, "ಒಂದ ಹನಿ ನೀರು ಒಳಗ ಬಂದ್ರ ನಾ ಅಂಗಡಿ ಬೋರ್ಡು ಇಳಸ್ತೇನಿ, ಹೇಳ್ರಿ ಅವ್ರಿಗೆ."

ಅವರು ಕೈ ಮುಗಿದು ಜೀಪು ಹತ್ತಿದರು. ಸಾಹುಕಾರರು ಹಿಂದೆ ಉಳಿದು ಮೆಲ್ಲಗೆ ಹೇಳಿದರು, "ಅಕ್ಕಾರ, ಅವ್ರು ಹೇಳೂದು ಹೇಳ್ಲಿ. ಸಾಬೂನು ಪುಡಿ ಹಾಕಿ ಒಂದಿನ ನೆನಸಿ ತಿಕ್ಕಿಬಿಡ್ರಿ. ಊರ ಮರ್ಯಾದಿ ಪ್ರಶ್ನೆ ಐತಿ."

ಅತ್ತೆಯ ಅಮಾವಾಸ್ಯೆ

ನನ್ನ ಅತ್ತೆ ಹಳಿಯಾಳದ ಕಡೆಯವರು. ಮನೆಗೆ ಬಂದ ಬಟ್ಟೆ ಯಾರದೇ ಇರಲಿ, ಮೊದಲು ಒಗೆಯುವ ಕಲ್ಲು ಕಾಣಬೇಕು. ಅದಕ್ಕೇ ಕೋಟು ಮನೆಗೆ ತಂದ ಕೂಡಲೇ ಹೇಳಿದೆ, "ಅತ್ತೀ, ಇದಕ್ಕ ನೀರು ಮುಟ್ಟಸಬ್ಯಾಡ್ರಿ. ಇಂಗ್ಲೆಂಡಿನವ್ರದು. ಅವ್ರ ಅಪ್ಪಂದು."

"ಅವ್ರಪ್ಪ ಎಲ್ಲಿದಾನ?"

"ತೀರಿಕೊಂಡು ಭಾಳ ವರ್ಷ ಆತಂತ್ರಿ."

ಬಾಯಿ ತಪ್ಪಿ ನಿಜ ಹೇಳಿದ್ದೇ ಕಷ್ಟಕ್ಕೆ ಬಂತು. "ಸತ್ತವರ ಅರಿವಿ ಮನ್ಯಾಗ ತಂದ್ಯಾ? ಹೊಳಿಗೆ ಬಿಡಬೇಕು, ಇಲ್ಲಾ ದಾನಾ ಕೊಡಬೇಕು. ಇಟಗೊಂಡು ಕುಂದರತಾರೇನ ಯಾರರ?"

"ಅವ್ರಲ್ಲಿ ಹಂಗಿಲ್ರಿ ಅತ್ತೀ. ಹಳೇದಾದಷ್ಟೂ ಬಿಡೂದಿಲ್ಲ."

"ಅದಕ್ಕ ನೋಡು, ನಮ್ಮ ದೇಶಾ ಬಿಡಾಕೂ ಅಷ್ಟು ವರ್ಷ ತಗೊಂಡ್ರು."

ನಾನು ಬಿಡಲಿಲ್ಲ. ಆ ಅಜ್ಜ ಸತ್ತದ್ದು ಇಂಗ್ಲೆಂಡಿನಲ್ಲಿ, ಅಲ್ಲಿಂದ ಇಲ್ಲಿಗೆ ಬರಬೇಕೆಂದರೆ ವೀಸಾ ಬೇಕು ಅಂದೆ. "ವೀಸಾ ಜೀವ ಇದ್ದವರಿಗೆ," ಅಂದರು ಅತ್ತೆ. ಅವರ ಹತ್ತಿರ ವಾದ ಮಾಡಿ ಗೆದ್ದವರು ಮನೆತನದಲ್ಲೇ ಇಲ್ಲ. ಕೋಟು ಅವತ್ತೇ ಅಂಗಡಿಯ ಗೂಟಕ್ಕೆ ಹೋಯಿತು.

ಅಮಾವಾಸ್ಯೆಯ ದಿನ ಮಧ್ಯಾಹ್ನ ಅತ್ತೆ ತಾವೇ ಆಟೋ ಮಾಡಿಕೊಂಡು ಅಂಗಡಿಗೆ ಬಂದರು. ಸೆರಗಿನೊಳಗಿಂದ ಬಾಳೆಎಲೆ ತೆಗೆದು ಕೋಟಿನ ಕೆಳಗೆ ಹಾಸಿ ಎಡೆ ಬಡಿಸಿದರು. ಜೋಳದ ರೊಟ್ಟಿ, ಬೆಣ್ಣೆ, ಬದನೆಕಾಯಿ ಪಲ್ಯ, ಮೊಸರನ್ನ. ಗಿರಾಕಿಗಳು ಹೊರಗೆ ನಿಂತು ಕೈ ಮುಗಿಯತೊಡಗಿದರು. ನನಗೆ ಸಿಟ್ಟು ನೆತ್ತಿಗೇರಿತ್ತು. ಆದರೂ ಎಲೆಯ ಮೇಲೆ ಏನೋ ಕಡಿಮೆ ಕಂಡು ಕೇಳಿಯೇಬಿಟ್ಟೆ, "ಕೆಂಪ ಚಟ್ನಿ ಇಲ್ಲದ ನೀವು ಎಡಿ ಹಿಡದವ್ರಲ್ಲ, ಇವತ್ತ್ಯಾಕ ಬೆಣ್ಣಿ?"

ಅತ್ತೆ ಕೋಟಿನ ಕಡೆ ಕನಿಕರದಿಂದ ನೋಡಿದರು. "ಪಾಪ, ಇಂಗ್ಲಿಷರಿಗೆ ಖಾರ ತಡಿಯೂದಿಲ್ಲವಾ."

ಪಾಳಾದವರ ಚೌಕಾಸಿ

ಕೋಟು ಅಂಗಡಿಯಲ್ಲಿ ತೂಗಿದ್ದೇ ತಡ, ಬಂದವರೆಲ್ಲ ಅದರ ಚರಿತ್ರೆ ಕೇಳುವವರೇ. ಹಾಯಿ, ಮೀನೆಣ್ಣೆ, ಅಗಸೆ ಎಣ್ಣೆ, ಮೇಣ ಅಂತ ಹೇಳಿ ಹೇಳಿ ನನ್ನ ಗಂಟಲು ಒಣಗುತ್ತಿತ್ತು, ಗಲ್ಲಾ ಪೆಟ್ಟಿಗೆಯೂ ಒಣಗೇ ಇರುತ್ತಿತ್ತು.

ಒಂದು ದಿನ ಮುಂಡಗೋಡ ತಾಲ್ಲೂಕಿನ ಪಾಳಾದಿಂದ ಒಬ್ಬ ರೈತರು ಬಂದರು. ಮಗಳನ್ನು ದಾಂಡೇಲಿಗೆ ಕೊಟ್ಟಿದ್ದರು, ನೋಡಿಹೋಗಲು ಬಂದವರು. ಒಂದು ಹೊಸ ರೇನ್‌ಕೋಟು ಬೇಕು ಅಂದರು, ಗೂಟದ ಮೇಲಿನ ಕೋಟು ಕಂಡು ಅಲ್ಲೇ ನಿಂತರು. ಮೊದಲಿನಿಂದ ಕೊನೆತನಕ ಕಥೆ ಹೇಳಿದೆ. ಅವರು ಮೂಸಿ ನೋಡಿದರು, ತೇಪೆ ಮುಟ್ಟಿ ನೋಡಿದರು.

"ಅಲ್ರಿ ಅಕ್ಕಾರ, ನಮ್ಮ ಅಪ್ಪನ ಕರೇ ಕಂಬಳಿನೂ ಹಿಂಗ ಐತಿ. ತಲಿ ಮ್ಯಾಲ ಕೊಪ್ಪಿ ಹಾಕ್ಕೊಂಡು ಗದ್ದಿಯೊಳಗ ನಿಂತ್ರ ಹನಿ ಒಳಗ ಬರೂದಿಲ್ಲ. ಅದನ್ನೂ ಯಾರೂ ಒಗದಿಲ್ಲ. ಅದಕ್ಕೂ ತ್ಯಾಪಿ ಐತಿ. ವಾಸ್ನಿ ಅಂತೂ ಇದರಪ್ಪನಂಥಾದ್ದು. ಅದಕ್ಯಾಕ ಯಾರೂ ಗೂಟಕ್ಕ ಹಾಕಿ ಚರಿತ್ರಿ ಹೇಳೂದಿಲ್ಲ?"

ಮಾತು ತಪ್ಪಿಸಲು ಒಂದು ಹೊಸ ರೇನ್‌ಕೋಟು ಬಿಡಿಸಿ ತೋರಿಸಿದೆ. ಹೊಸಾದು, ಎಲ್ಲೂ ಒಂದು ತೂತಿಲ್ಲ, ವಾಸನೆ ಇಲ್ಲ, ಬೇಕಾದಷ್ಟು ತೊಳೆಯಬಹುದು ಅಂತ ವರ್ಣಿಸಿ ದರ ಹೇಳಿದೆ.

ಅವರು ಹೌಹಾರಿದರು. "ಹರದಿಲ್ಲ, ತ್ಯಾಪಿ ಇಲ್ಲ, ವಾಸ್ನಿನೂ ಇಲ್ಲ, ಮತ್ತ ಇದಕ್ಯಾಕ್ರಿ ಇಷ್ಟು ರೇಟು?"

ಮುಲಾಮು

ಹೆಗಲಿನ ಹೊಲಿಗೆ ಮುಗಿಸಿದೆ. ಚಲೋ ಹೊಲಿದೆ, ಸುಳ್ಳು ಯಾಕೆ ಹೇಳಲಿ. ಇನ್ನು ಉಳಿದದ್ದು ಮೇಣ. ಡಬ್ಬಿಯನ್ನು ಬಿಸಿನೀರಿನಲ್ಲಿ ಕೂಡಿಸಿ ಕರಗಿಸಬೇಕು, ಬಟ್ಟೆಯ ತುಂಡಿನಿಂದ ಕೋಟಿಗೆ ತಿಕ್ಕಬೇಕು. ಅಂಗಡಿಯಲ್ಲಿ ಒಲೆ ಇಲ್ಲ ಅಂತ ಡಬ್ಬಿಯನ್ನು ಮನೆಗೆ ತಂದು ಅಡುಗೆಮನೆಯ ಗೋಡೆಗೂಡಿನಲ್ಲಿ ಇಟ್ಟಿದ್ದೆ. ಆ ವಾರ ಮದುವೆಯ ಸೀಸನ್ನು, ಶಾಮಿಯಾನಾದ ತಾಡಪತ್ರಿ ಹೊಲಿಯುವ ಕೆಲಸ ರಾಶಿ ಬಿತ್ತು. ಕೋಟಿಗೆ ಕೈ ಹಾಕಲು ಆಗಲಿಲ್ಲ.

ನನ್ನ ಗಂಡ ಕಾಗದದ ಮಿಲ್ಲಿನಲ್ಲಿ ಶಿಫ್ಟ್ ಕೆಲಸದವರು. ದಿನವೆಲ್ಲ ನೀರಿನಲ್ಲಿ ನಿಂತು ಅವರ ಹಿಮ್ಮಡಿ ಬೇಸಿಗೆಯ ಕೆರೆಯಂತೆ ಒಡೆದಿರುತ್ತದೆ. ಒಂದು ಸಂಜೆ ಅವರು ಕಟ್ಟೆಯ ಮೇಲೆ ಕಾಲು ಚಾಚಿ ಕೂತು ಹೊಗಳಿದರು, "ಭಾಳ ದಿನಕ್ಕ ನನ್ನ ಸಲವಾಗಿ ಒಂದು ಚಲೋ ಸಾಮಾನು ತಂದಿ ನೋಡು. ಎಂಥಾ ಮುಲಾಮದು! ಹಿಮ್ಮಡಿ ಕೂಸಿನ ಗಲ್ಲದಂಗ ಆಗ್ಯಾವು."

ಗೋಡೆಗೂಡಿನ ಕಡೆ ಓಡಿದೆ. ಡಬ್ಬಿ ತಳ ಕಾಣುತ್ತಿತ್ತು. ಒಬ್ಬರ ಎರಡು ಹಿಮ್ಮಡಿಗೆ ಅಷ್ಟು ಮೇಣ ಹಿಡಿಯುವುದು ಸಾಧ್ಯವೇ ಇಲ್ಲ.

"ಶಿಫ್ಟಿನವರಿಗೂ ಚೂರು ಚೂರು ಕೊಟ್ಟೆ," ಅಂದರು. "ಪಾಪ, ಎಲ್ಲಾರ ಕಾಲೂ ಒಡದಾವು."

ನಾನು ಬೈದ ಬೈಗುಳ ಇಲ್ಲಿ ಬರೆಯುವ ಹಾಗಿಲ್ಲ. ಅದು ಮುಲಾಮಲ್ಲ, ಇಂಗ್ಲೆಂಡಿನಿಂದ ಬಂದ ಕೋಟಿನ ಮೇಣ, ಇನ್ನು ಆ ಮನುಷ್ಯ ಬಂದರೆ ನಾನು ಬೋರ್ಡು ಇಳಿಸುವುದೊಂದೇ ಬಾಕಿ ಅಂತ ಕೂಗಾಡಿದೆ. ಅವರು ಏನೋ ಹೊಳೆದವರ ಹಾಗೆ ತಲೆ ಆಡಿಸಿದರು. "ಹಂಗಾರ ಸರಿ. ನಿನ್ನಿ ಹಿಡದು ಬಚ್ಚಲದಾಗ ಎಷ್ಟು ನೀರು ಸುರಿದ್ರೂ ಕಾಲು ತೋಯವಲ್ವು."

ಯಾರ ಸರಹದ್ದಿನ ಜೇನು

ಮೇಣ ಬೇಕು, ಹುಟ್ಟಿಸುವುದೆಲ್ಲಿ? ಜೋಯಿಡಾ ಕಡೆಯಿಂದ ಸಂತೆಗೆ ಬರುವ ಒಬ್ಬಳು ಸಿದ್ದಿ ಗೆಳತಿ ನನಗಿದ್ದಾಳೆ. ಅವರ ಮನೆಯವರು ಜೇನು ಇಳಿಸುತ್ತಾರೆ. ಅವಳ ನಗು ಬಸ್ ಸ್ಟ್ಯಾಂಡಿನ ಆಚೆ ತುದಿಯಿಂದ ಕೇಳುತ್ತದೆ. ಅವಳಿಗೆ ನನ್ನ ಗೋಳು ಹೇಳಿಕೊಂಡೆ. ಗಂಡನ ಹಿಮ್ಮಡಿಯ ಭಾಗ ಬಂದಾಗ ಅವಳು ಕೌಂಟರ್ ಹಿಡಿದುಕೊಂಡು ನಕ್ಕಳು. ಆದರೆ ಮುಂದಿನ ಸಂತೆಗೆ ಜೇನುಮೇಣದ ಒಂದು ಉಂಡೆ ತಂದು ಕೊಟ್ಟಳು. "ಹೊಸ ಮೇಣ ಬಾಯೀ, ತೊಳಿಲಿಕ್ಕೆ ಪುರುಸೊತ್ತು ಆಗ್ಲಿಲ್ಲ," ಅಂದಳು. ನಾನು ಆ ಮಾತಿಗೆ ಕಿವಿಗೊಡಲಿಲ್ಲ.

ಮನೆಯಲ್ಲಿ ಮೇಣ ಕರಗಿಸಿ ಅಗಸೆ ಎಣ್ಣೆ ಬೆರೆಸಿದೆ. ಅವರ ಹಳೆಯ ಕಾಲದಲ್ಲೂ ಅಗಸೆ ಎಣ್ಣೆ ಇತ್ತಲ್ಲ, ಕೋಟಿಗೆ ಪರಕೀಯ ಅನ್ನಿಸಲಾರದು ಅಂತ ಧೈರ್ಯ. ಅತ್ತೆ ಪಕ್ಕದಲ್ಲಿ ನಿಂತು ಲೊಚಗುಟ್ಟಿದರು. "ಅಗಸಿ ಎಣ್ಣಿ ಅಂಗಿಗೆ ಹಚ್ಚಿಗೋತ ಕುಂತ್ರು, ಅದಕ್ಕ ಅವ್ರಿಗೆ ಅಗಸಿ ಚಟ್ನಿ ಗೊತ್ತಾಗಲಿಲ್ಲ." ನಾನು ಅದನ್ನು ಅಂಗಡಿಗೆ ಒಯ್ದು ಕೋಟಿಗೆ ಕೈ ನೋಯುವ ತನಕ ತಿಕ್ಕಿದೆ. ಕೋಟು ಮಿರಿಮಿರಿ ಮಿಂಚತೊಡಗಿತು. ಮೇಣ ಎಳೆ ಎಳೆಗೆ ಇಳಿಯಲಿ ಅಂತ ಅಂಗಡಿಯ ಮುಂದೆ ಬಿಸಿಲಿಗೆ ತೂಗುಹಾಕಿದೆ.

ಮೊದಲು ಒಂದು ಹುಳ ಬಂತು. ಅದು ಹೋಗಿ ಬಳಗಕ್ಕೆಲ್ಲ ಹೇಳಿತು ಅಂತ ಕಾಣುತ್ತದೆ. ಸ್ವಲ್ಪ ಹೊತ್ತಿನಲ್ಲಿ ಕೋಟಿನ ಹಸಿರು ಬಣ್ಣವೇ ಕಾಣಲಿಲ್ಲ, ಬರೀ ಜೇನುಹುಳ. ಮೇಣದಲ್ಲಿ ಉಳಿದಿದ್ದ ಜೇನಿನ ವಾಸನೆ ಹಿಡಿದು ಬಂದಿದ್ದವು. ಬಸ್ ಕಾಯುತ್ತಿದ್ದವರು ಚೀಲ ಬಿಟ್ಟು ಓಡಿದರು. ಹಳಿಯಾಳದ ಬಸ್ಸು ನಿಲ್ಲದೆ ಹೋಯಿತು. ಚಹಾದಂಗಡಿಯವನು ತಲೆಯ ಮೇಲೆ ಪಾತೇಲಿ ಬೋರಲು ಹಾಕಿಕೊಂಡು ನನ್ನನ್ನು ಶಪಿಸುತ್ತಿದ್ದ.

ಹೊಗೆ ಹಾಕಿದರೆ ಕೋಟು ಹಾಳು, ನೀರು ಹೊಡೆದರೆ ಹುಳ ನಮ್ಮ ಮೇಲೆ. ಕೊನೆಗೆ ಪರಿಚಯದ ಒಬ್ಬ ಅರಣ್ಯ ಗಾರ್ಡರಿಗೆ ಫೋನ್ ಮಾಡಿದೆ. ಅವರು ಬಂದು ರಸ್ತೆಯ ಆಚೆಗೇ ನಿಂತು, ಹಣೆಗೆ ಕೈ ಅಡ್ಡ ಹಿಡಿದು ಬಹಳ ಹೊತ್ತು ನೋಡಿದರು.

"ಏನರ ಮಾಡ್ರಿ ಸಾಹೇಬ್ರ! ಜೇನು ನಿಮ್ಮ ಅಡವಿದಲ್ಲೇನು?" ಅಂದೆ.

"ಗಿಡದ ಮ್ಯಾಲ ಇದ್ರ ನಮ್ದು ಅಕ್ಕಾರ," ಅಂದರು. "ಕೋಟಿನ ಮ್ಯಾಲ ಇದ್ರ ಟೇಲರಂದು."

ಒಂದು ಹನಿ

ಬಿಸಿಲು ಇಳಿದ ಮೇಲೆ ಹುಳ ತಾವಾಗಿಯೇ ಹೋದವು. ಕೋಟು ಉಳಿಯಿತು. ಹೇಳಿದ ಹೊತ್ತಿಗೆ ಇಂಗ್ಲಿಷಿನವರೂ ಬಂದರು. ಬಾರದೇ ಉಳಿದದ್ದು ಮಳೆ.

ದಾಂಡೇಲಿಯಲ್ಲಿ ಆ ಹೊತ್ತಿಗೆ ಕಾಲು ಜಾರುವಷ್ಟು ಪಾಚಿ ಕಟ್ಟಬೇಕಿತ್ತು. ಮೋಡ ಬರುವುದು, ಸೂಪಾ ಡ್ಯಾಮಿನ ಕಡೆ ಮುಖ ಮಾಡುವುದು, ಹೋಗುವುದು. ಇಂಗ್ಲಿಷಿನವರು ದಿನಾ ಬಂದು ನನ್ನ ಅಂಗಡಿಯ ಸ್ಟೂಲಿನ ಮೇಲೆ ಕೋಟು ಹಾಕಿಕೊಂಡು ಕೂರುತ್ತಿದ್ದರು, ಆ ಸೆಖೆಯಲ್ಲಿ! ಬೆವರು ಒರೆಸಿಕೊಳ್ಳುತ್ತ ಆಕಾಶ ನೋಡುತ್ತಿದ್ದರು. ಅವರ ವಿಮಾನದ ದಿನ ಹತ್ತಿರ ಬಂದಿತ್ತು. ಪರೀಕ್ಷೆಗೆ ಕೂಡಿಸಿ ಪ್ರಶ್ನೆಪತ್ರಿಕೆಯನ್ನೇ ಕೊಡದಿದ್ದರೆ ಹೇಗೆ?

ನಮ್ಮ ಗಲ್ಲಿಯಲ್ಲಿ ಅರ್ಧಕ್ಕರ್ಧ ಹಳಿಯಾಳ, ಮುಂಡಗೋಡದ ಕಡೆಯವರು. ಹೆಂಗಸರೆಲ್ಲ ಸೇರಿ ಅತ್ತೆಯ ಮುಂದಾಳತ್ವದಲ್ಲಿ ಗುರ್ಜಿ ಆಡಿಸುವುದೆಂದು ನಿಶ್ಚಯ ಮಾಡಿದರು. ರೊಟ್ಟಿ ಸುಡುವ ಹಂಚು ಬೋರಲು ಹಾಕಿ, ಅದರ ಮೇಲೆ ಸಗಣಿಯಲ್ಲಿ ಮಾಡಿದ ಗುರ್ಜಿ ಬೊಂಬೆ ಕೂಡಿಸಿ, ಗರಿಕೆ ಸಿಕ್ಕಿಸಿ, ಒಬ್ಬರು ತಲೆಯ ಮೇಲೆ ಹೊತ್ತು ಮನೆಮನೆಗೆ ಹೋಗಬೇಕು. ಪ್ರತಿ ಮನೆಯವರೂ ಹೊತ್ತವರ ಮೇಲೆ ಕೊಡ ನೀರು ಸುರಿಯಬೇಕು. ಆಗ ಮಳೆ ಬರುತ್ತದೆ ಅಂತ ಪದ್ಧತಿ. ಹೊರಲು ಒಪ್ಪಿದ್ದವನು ಮಿಲ್ಲಿನಲ್ಲಿ ಡಬಲ್ ಡ್ಯೂಟಿ ಬಿತ್ತೆಂದು ಆ ದಿನ ಕೈಕೊಟ್ಟ.

ಇದೆಲ್ಲ ಏನೆಂದು ಇಂಗ್ಲಿಷಿನವರು ಕೇಳಿದರು. ಸಾಹುಕಾರರು ತಿಳಿಸಿ ಹೇಳಿದರು. ಇಂಗ್ಲಿಷಿನವರು ಸ್ಟೂಲಿನಿಂದ ಎದ್ದೇಬಿಟ್ಟರು. "ನಾ ಹೊರ್ತೇನಿ ಅನ್ನಾಕತ್ತಾರ್ರಿ ಅಕ್ಕಾರ," ಅಂದರು ಸಾಹುಕಾರರು. ಹೆಂಗಸರಿಗೆ ಹಿಗ್ಗೋ ಹಿಗ್ಗು. ಫಾರಿನ್ನಿನವರು ಗುರ್ಜಿ ಹೊತ್ತರೆ ಮಳೆಯೂ ಆ ಅಳತೆಯಲ್ಲೇ ಬಂದೀತು ಅಂದರು.

ಅವರು ಕೋಟಿನ ಕಾಲರ್ ಎತ್ತಿ, ಗುಂಡಿಯೆಲ್ಲ ಹಾಕಿಕೊಂಡು, ತಲೆಯ ಮೇಲೆ ಹಂಚು ಹೊತ್ತರು. ಮೊದಲ ಮನೆಯಲ್ಲಿ ಕೊಡ ನೀರು ಬಿತ್ತು. ನಾನು ಹೆಗಲಿನ ಹೊಲಿಗೆ ನೋಡಿದೆ. ನೀರು ಗುಂಡು ಗುಂಡಾಗಿ ಉರುಳಿ ಕೆಳಗೆ ಬಿತ್ತು. ಎರಡನೇ ಮನೆ, ಮತ್ತೊಂದು ಮನೆ. ಕೊಡದ ಮೇಲೆ ಕೊಡ. ನಾನು ಹಿಂದೆ ಹಿಂದೆ ಓಡಾಡುತ್ತ ಹೊಲಿಗೆ ಮುಟ್ಟಿ ನೋಡುತ್ತಿದ್ದೆ, ನನ್ನ ಜೀವ ಆ ದಾರದಲ್ಲಿತ್ತು. ಗಲ್ಲಿಯ ತುದಿಯಲ್ಲಿ ಹಂಚು ಇಳಿಸಿ ಅವರು ಗುಂಡಿ ಬಿಚ್ಚಿದರು. ಒಳಗಿನ ಬಿಳಿ ಅಂಗಿ ಇಸ್ತ್ರಿ ಮಾಡಿಟ್ಟ ಹಾಗೆಯೇ ಇತ್ತು. ಒಂದು ಹನಿ ಇಲ್ಲ.

ಅವರು ಕೋಟಿನ ತೋಳು ಸವರುತ್ತ ಕಣ್ಣು ಒರೆಸಿಕೊಂಡರು. ಅವರ ಕಂಪನಿಯ ಇಷ್ಟು ವರ್ಷದ ಚರಿತ್ರೆಯಲ್ಲಿ ಯಾವ ಕೋಟಿಗೂ ಇಂಥ ಪರೀಕ್ಷೆ ಆಗಿರಲಾರದು ಅಂದರಂತೆ. ನಾನು ಸೆರಗು ಸೊಂಟಕ್ಕೆ ಸಿಕ್ಕಿಸಿ, ಸಾಲಿನ ಅಂಗಡಿಯವರ ಕಡೆ ತಿರುಗಿ ಕೂಗಿದೆ, "ನೋಡ್ರಿ ಎಲ್ಲಾರೂ! ಒಂದ ಹನಿ ಒಳಗ ಬಂದಿಲ್ಲ!"

ಚಪ್ಪಾಳೆ ಬೀಳಬೇಕಾದ ಹೊತ್ತು. ಬೀಳಲಿಲ್ಲ. ಅತ್ತೆ ಮುಂದೆ ಬಂದು ಆ ಒಣ ಅಂಗಿಯನ್ನು ಮುಟ್ಟಿ ನೋಡಿದರು.

"ಒಣಗೇ ಅದಾನಲ್ಲ!" ಅಂದರು. "ಗುರ್ಜಿ ಹೊತ್ತವ ತೊಯ್ದು ಗಡಗಡ ನಡಗಬೇಕು. ಅವನ ನೋಡಿ ಮೋಡಕ್ಕ ಕನಿಕರ ಬರಬೇಕು. ಇವನ ನೋಡಿ ಬಂದ ಮೋಡನೂ ವಾಪಸ್ ಹೊಕ್ಕಾವು. ಇಡೀ ಓಣಿ ನೀರು ಹಾಳಾತು. ಯಾರು ಇದಕ್ಕ ಹಿಂಗ ಮೇಣಾ ಹಚ್ಚಿದವ್ರು?"

ಎಲ್ಲರೂ ನನ್ನ ಕಡೆ ನೋಡಿದರು. ಗಂಡ ಮಾತ್ರ ತಮ್ಮ ಹಿಮ್ಮಡಿ ನೋಡಿಕೊಂಡರು. ಜೇನು ಕಡಿಸಿಕೊಂಡು, ಕೈ ಸುಟ್ಟುಕೊಂಡು, ನೀರು ಒಳಗೆ ಬಾರದ ಹಾಗೆ ಮಾಡಿದ್ದೇ ಈಗ ಅಪರಾಧ!

"ಮಳಿ ತಡದವ್ರು ತಾವ ಗುರ್ಜಿ ಹೊರಬೇಕು," ಅಂತ ಅತ್ತೆ ತೀರ್ಪು ಕೊಟ್ಟರು.

"ಗುರ್ಜಿ ಹೊರೂದು ಗಂಡಸರ ಕೆಲಸ ಅತ್ತೀ," ಅಂದೆ.

"ಅಂಗಡಿ ನಡಸೂದೂ ಗಂಡಸರ ಕೆಲಸ ಅಂತಿದ್ರು. ಅದನ್ನ ಬಿಟ್ಟೇನ ನೀ?"

ಹಂಚು ನನ್ನ ತಲೆಯ ಮೇಲೆ ಬಂತು. ಕೋಟಿಲ್ಲ, ಛತ್ರಿಯಿಲ್ಲ. ಮೊದಲ ಮನೆಯಿಂದ ಮತ್ತೆ ಶುರು. ಈ ಸಲ ಕೊಡಗಳಲ್ಲಿ ಸಿಟ್ಟೂ ಇತ್ತು. ಸಗಣಿ ನೀರು ಕಿವಿಯೊಳಗೆ ಇಳಿಯಿತು, ಸೀರೆ ಮೈಗೆ ಮೆತ್ತಿತು, ಹಲ್ಲು ಕಟಕಟ ಅನ್ನತೊಡಗಿತು. ಕೊನೆಯ ಮನೆಯ ಕೊಡ ಬೀಳುವುದಕ್ಕೂ ಆಕಾಶ ಬಿರಿದುಕೊಳ್ಳುವುದಕ್ಕೂ ಸರಿಹೋಯಿತು. ಮೋಡಕ್ಕೆ ನನ್ನ ಮೇಲೆ ಕನಿಕರ ಬಂತೋ, ಅದರ ಹೊತ್ತೇ ಬಂದಿತ್ತೋ, ಮಳೆ ಕಣ್ಣು ಕಾಣದ ಹಾಗೆ ಸುರಿಯಿತು. ಇಂಗ್ಲಿಷಿನವರು ಅಪ್ಪನ ಕೋಟಿನ ಗುಂಡಿ ಮತ್ತೆ ಹಾಕಿಕೊಂಡು, ಯಾರಿಗೂ ಕಾಯದೆ, ಹೊಳೆಯ ರಸ್ತೆ ಹಿಡಿದು ನಡೆದೇ ಹೋದರು. ಅವರ ಬೆನ್ನು ಮರೆಯಾಗುವ ತನಕ ನಿಂತು ನೋಡಿದೆ. ಚಳಿ ಮರೆತಿತ್ತು.

ಆಮೇಲೆ ವ್ಯಾಪಾರದ ನೆನಪು ಬಂತು. ವರ್ಷದ ಮೊದಲ ಮಳೆ, ಅಂಗಡಿಯ ಬಾಗಿಲಿಗೆ ಬೀಗ! ಬಿದ್ದೆನೋ ಎದ್ದೆನೋ ಅಂತ ಓಡಿದೆ. ಆಗ ತಾನೇ ಮುಂಡಗೋಡದ ಬಸ್ಸಿಳಿದ ಒಬ್ಬ ಹಿರಿಯರು ಬಾಗಿಲ ಮುಂದೆ ಕಾಯುತ್ತಿದ್ದರು. ಬೀಗ ತೆಗೆದು, ಒಳ್ಳೆಯದರಲ್ಲಿ ಒಳ್ಳೆಯ ರೇನ್‌ಕೋಟು ಬಿಡಿಸಿ ಹಿಡಿದೆ. "ತಗೋರಿ ಯಜಮಾನ್ರ, ಒಂದ ಹನಿ ಒಳಗ ಬರೂದಿಲ್ಲ. ನಾ ಗ್ಯಾರಂಟಿ."

ಅವರು ರೇನ್‌ಕೋಟು ನೋಡಲಿಲ್ಲ. ನೆತ್ತಿಯಿಂದ ಕಾಲಿನ ತನಕ, ಸೀರೆಯಿಂದ ನೀರು ಸೋರಿ ಅಂಗಡಿಯಲ್ಲಿ ಹಳ್ಳ ಹರಿಸುತ್ತ ನಿಂತ ನನ್ನನ್ನೇ ನೋಡಿದರು.

"ತಪ್ಪು ತಿಳೀಬ್ಯಾಡ್ರಿ ಅಕ್ಕಾರ," ಅಂದರು. "ರೇನ್‌ಕೋಟಿನ ಅಂಗಡಿ ಇಟ್ಟ ನೀವ ಹಿಂಗ ತೊಯ್ದು ನಿಂತೀರಿ ಅಂದ ಮ್ಯಾಲ, ನಿಮ್ಮ ಮಾಲು ನಾ ಹೆಂಗ ನಂಬಲ್ರಿ?"